ಅಮೆರಿಕದಲ್ಲಿ ಕಟ್ಟಡಕ್ಕೆ 179ಡಿ ತೆರಿಗೆ ಕಡಿತ: ಮಾಲೀಕರಿಗೂ ಡಿಸೈನರ್‌ಗಳಿಗೂ ಹಂತ ಹಂತವಾಗಿ

ಒಂದು ಭಾನುವಾರ ನಮ್ಮೂರಿನ ದೇವಸ್ಥಾನದ ಕಮಿಟಿಯ ಹಿರಿಯರೊಬ್ಬರು ಫೋನ್ ಮಾಡಿದರು. ಹೊಸ ಸಭಾಭವನ ಕಟ್ಟಿ ಮುಗಿದಿತ್ತು. ಆರ್ಕಿಟೆಕ್ಟ್ ಕಡೆಯಿಂದ ಸಹಿಗೆ ಒಂದು ಪತ್ರ ಬಂದಿತ್ತು.

"ಇದರಲ್ಲಿ ಪೆನಾಲ್ಟೀಸ್ ಆಫ್ ಪರ್ಜರಿ ಅಂತ ಬರೆದಿದ್ದಾರೆ ಕಣಪ್ಪ, ಸುಳ್ಳು ಹೇಳಿದ್ರೆ ಶಿಕ್ಷೆ ಅಂತೆ. ದೇವಸ್ಥಾನಕ್ಕೆ ಟ್ಯಾಕ್ಸೇ ಇಲ್ಲ. ನಮಗ್ಯಾಕೆ ಇದು? ಸೈನ್ ಹಾಕಿದ್ರೆ ಏನಾದ್ರೂ ತಗಲಾಕಿಕೊಳ್ತೀವಾ?"

"ಅಂಕಲ್, ಮೊದಲು ಅದನ್ನ ಫೋಟೋ ತೆಗೆದು ಕಳಿಸಿ" ಅಂದೆ.

ಅದು ಮೋಸದ ಪತ್ರವಲ್ಲ, ಸೆಕ್ಷನ್ 179ಡಿ ಹಂಚಿಕೆ ಪತ್ರ. ಇಂಧನ ಉಳಿಸುವ ಕಟ್ಟಡಕ್ಕೆ ಅಮೆರಿಕದ ಆದಾಯ ತೆರಿಗೆಯಲ್ಲಿ ಸಿಗುವ ಕಡಿತವೇ 179ಡಿ. ಅದನ್ನು ಮಾಲೀಕರು ಡಿಸೈನರ್‌ಗೆ ಬರೆದುಕೊಡುವ ಕಾಗದ ಇದು. ತೆರಿಗೆ ಕಟ್ಟದ ದೇವಸ್ಥಾನಕ್ಕೆ ಅದರಿಂದ ನೇರವಾಗಿ ಒಂದು ಡಾಲರೂ ಸಿಗುವುದಿಲ್ಲ. ಆದರೆ ಅದೇ ಕಾಗದ ಆರ್ಕಿಟೆಕ್ಟ್ ಕೈ ಸೇರಿದರೆ ಲಕ್ಷ ಡಾಲರ್ ಬಾಳಬಹುದು. ಅವರಿಗೆ ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಇಲ್ಲಿ ಹೋಟೆಲ್, ಕ್ಲಿನಿಕ್, ಆಫೀಸ್ ಕಟ್ಟಿಸುವ ಕನ್ನಡಿಗರಿಗೂ, ಶಾಲೆ, ಲೈಬ್ರರಿ ವಿನ್ಯಾಸ ಮಾಡುವ ಎಂಜಿನಿಯರ್‌ಗಳಿಗೂ ಇದು ಉಪಯೋಗಕ್ಕೆ ಬರಬಹುದು. ನಾನು ಎನರ್ಜಿ ಮಾಡೆಲಿಂಗ್ ಮಾಡುವವನು, ಅಂದರೆ ಕಟ್ಟಡ ಎಷ್ಟು ಇಂಧನ ತಿನ್ನುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವನು. ಸಿಪಿಎ, ಅಂದರೆ ಲೈಸೆನ್ಸ್ ಇರುವ ಲೆಕ್ಕಪರಿಶೋಧಕ, ಅಲ್ಲ. ರಿಟರ್ನ್ ತುಂಬುವ ಮುಂಚೆ ನಿಮ್ಮ ಸಿಪಿಎಗೆ ತೋರಿಸಿ.

ಮೊದಲು ತಾರೀಕು ನೋಡಿ

179ಡಿ ಬಂದದ್ದು 2005ರ ಎನರ್ಜಿ ಪಾಲಿಸಿ ಆಕ್ಟ್‌ನಲ್ಲಿ. ಆಗ ಚದರ ಅಡಿಗೆ ಹೆಚ್ಚೆಂದರೆ 1.80 ಡಾಲರ್. ವರ್ಷ ಎರಡು ವರ್ಷಕ್ಕೊಮ್ಮೆ ಅವಧಿ ಮುಗಿಯುವುದು, ಮತ್ತೆ ಎಳೆಯುವುದು, ಹೀಗೇ ನಡೆದು 2020ರ ಡಿಸೆಂಬರ್‌ನಲ್ಲಿ ಅದನ್ನು ಕಾಯಂ ಮಾಡಿದರು. 2022ರ ಇನ್‌ಫ್ಲೇಶನ್ ರಿಡಕ್ಷನ್ ಆಕ್ಟ್ ದರವನ್ನು 5 ಡಾಲರ್‌ವರೆಗೆ ಏರಿಸಿತು. ಕಾಯಂ ಅಂದುಕೊಂಡಿದ್ದಕ್ಕೆ 2025ರ ಜುಲೈ 4ರಂದು ಸಹಿಯಾದ ಕಾಯ್ದೆ ಕೊನೆ ಹಾಡಿತು: 2026ರ ಜೂನ್ 30ರ ನಂತರ ನಿರ್ಮಾಣ ಶುರುವಾಗುವ ಕೆಲಸಕ್ಕೆ 179ಡಿ ಇಲ್ಲ.

ಇಲ್ಲಿ 'ಶುರು' ಅನ್ನುವ ಪದವನ್ನು ಗಮನಿಸಿ. ಮುಗಿಯಬೇಕು ಅಂತ ಹೇಳಿಲ್ಲ. ಆ ದಿನಕ್ಕೆ ಮೊದಲು ಕೆಲಸ ಶುರುವಾಗಿ 2027ರಲ್ಲೋ 2028ರಲ್ಲೋ ಮುಗಿಯುವ ಕಟ್ಟಡಕ್ಕೂ ಇದು ಸಿಗುತ್ತದೆ. ಹಾಗಾಗಿ ಶುರುವಾದ ದಿನಕ್ಕೆ ಸಾಕ್ಷಿ ಇಟ್ಟುಕೊಳ್ಳಿ. ಇದೇ ಸೆಕ್ಷನ್‌ನ ಕೂಲಿ ನಿಯಮಕ್ಕಾಗಿ (ಅದರ ವಿವರ ಮುಂದೆ ಇದೆ) ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ 2022ರಲ್ಲಿ ಎರಡು ಅಳತೆಗೋಲು ಕೊಟ್ಟಿತ್ತು: ಸೈಟಿನಲ್ಲಿ ಗಣನೀಯವಾದ ಕೆಲಸ ನಡೆದಿರಬೇಕು, ಇಲ್ಲವೇ ಒಟ್ಟು ಖರ್ಚಿನ ಶೇ. 5ರಷ್ಟು ಆಗಿರಬೇಕು. ನಕ್ಷೆ ಬರೆಸಿದ್ದು, ಸರ್ವೆ ಮಾಡಿಸಿದ್ದು, ಪರ್ಮಿಟ್ ತಂದದ್ದು ಮೊದಲನೆಯದಕ್ಕೆ ಸಾಲದು. ಅದೇ ಮಟ್ಟದ ಸಾಕ್ಷಿಯನ್ನು ಇಲ್ಲಿಗೂ ಇಟ್ಟುಕೊಳ್ಳುವುದು ಜಾಣತನ. ಪಾಯ ಅಗೆದ ದಿನದ ಫೋಟೋ, ಕಾಂಕ್ರೀಟ್ ಹಾಕಿದ ಬಿಲ್, ಕಂಟ್ರಾಕ್ಟರ್‌ನ ದಿನಚರಿ. ಗುದ್ದಲಿ ಪೂಜೆಯ ಫೋಟೋ ಸಾಲುವುದಿಲ್ಲ ಅಂತ ಬೇರೆ ಹೇಳಬೇಕಾ?

ಇನ್ನೊಂದು ತಾರೀಕು ಇದೆ, ಇದನ್ನು ಎಷ್ಟೋ ಜನ ಗಮನಿಸುವುದೇ ಇಲ್ಲ. ಇಂಧನ ಖರ್ಚಿನಲ್ಲಿ ಎಷ್ಟು ಉಳಿತಾಯವಾಯಿತು ಅನ್ನುವುದನ್ನು 'ಆಶ್ರೇ 90.1' ಅನ್ನುವ, ಕಟ್ಟಡಗಳ ಇಂಧನ ಬಳಕೆಯ ಮಾನದಂಡಕ್ಕೆ ಹೋಲಿಸಿ ಲೆಕ್ಕ ಹಾಕುತ್ತಾರೆ. 2027ರ ಜನವರಿ 1ಕ್ಕೆ ಮೊದಲು ಬಳಕೆಗೆ ಬಂದ ಕಟ್ಟಡಕ್ಕೆ 2007ರ ಆವೃತ್ತಿ. 2022 ಮುಗಿದ ಮೇಲೆ ಕೆಲಸ ಶುರುವಾಗಿ, 2026 ಮುಗಿದ ಮೇಲೆ ಬಳಕೆಗೆ ಬಂದರೆ 2019ರ ಆವೃತ್ತಿ. ವ್ಯತ್ಯಾಸ ಎಷ್ಟು ಅಂದರೆ, ಆಫೀಸ್ ಕಟ್ಟಡದ ದೀಪಗಳಿಗೆ 2007ರ ಪಟ್ಟಿಯಲ್ಲಿ ಚದರ ಅಡಿಗೆ 1.0 ವ್ಯಾಟ್ ಮಿತಿ ಇತ್ತು, 2019ರಲ್ಲಿ ಅದು 0.64. ಈಗಿನ ಎಲ್‌ಇಡಿ ಹಾಕಿದರೆ ಹಳೆಯ ಮಿತಿಯ ಅರ್ಧಕ್ಕೆ ಸುಲಭವಾಗಿ ಇಳಿಯಬಹುದು. ಹೊಸ ಮಿತಿಯ ಎದುರು ಅದೇ ದೀಪಗಳು ಅಷ್ಟೊಂದು ಹೆಚ್ಚುಗಾರಿಕೆ ತೋರಿಸುವುದಿಲ್ಲ. 2026ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆಯುವುದಕ್ಕೂ 2027ರ ಜನವರಿಯಲ್ಲಿ ತೆರೆಯುವುದಕ್ಕೂ ಇಷ್ಟು ಅಂತರ.

ಯಾವ ಕಟ್ಟಡ, ಯಾರಿಗೆ ಲಾಭ

ಕಟ್ಟಡ ಅಮೆರಿಕದಲ್ಲಿರಬೇಕು, ಆಶ್ರೇ 90.1 ವ್ಯಾಪ್ತಿಗೆ ಬರಬೇಕು. ಆಫೀಸ್, ಅಂಗಡಿ, ಗೋದಾಮು, ಆಸ್ಪತ್ರೆ, ಶಾಲೆ, ಗ್ರಂಥಾಲಯ, ಪಾಲಿಕೆ ಕಚೇರಿ ಎಲ್ಲವೂ ಸರಿ. ಅಪಾರ್ಟ್‌ಮೆಂಟ್ ಆದರೆ ನೆಲದ ಮೇಲೆ 4 ಅಂತಸ್ತು ಅಥವಾ ಜಾಸ್ತಿ ಇರಬೇಕು. 3 ಅಂತಸ್ತಿನದಕ್ಕೆ ಸಿಗುವುದಿಲ್ಲ, ಮನೆಗೂ ಇಲ್ಲ.

ಲೆಕ್ಕಕ್ಕೆ ಬರುವುದು ಮೂರೇ ಬಾಬತ್ತು: ಒಳಗಿನ ದೀಪಗಳು, ಎಸಿ, ಹೀಟಿಂಗ್, ಗಾಳಿ ವ್ಯವಸ್ಥೆ ಮತ್ತು ಬಿಸಿನೀರು, ಕಟ್ಟಡದ ಹೊರಮೈ, ಅಂದರೆ ಗೋಡೆ, ಛಾವಣಿ, ಕಿಟಕಿ, ಇನ್ಸುಲೇಶನ್. ಪಾರ್ಕಿಂಗ್ ಜಾಗದ ದೀಪದ ಕಂಬ ಬರುವುದಿಲ್ಲ. ಛಾವಣಿ ಮೇಲಿನ ಸೋಲಾರ್ ಪ್ಯಾನಲ್ ಬರುವುದಿಲ್ಲ. ದೇವಸ್ಥಾನದ ಅಡುಗೆಮನೆಯ ದೊಡ್ಡ ಒಲೆ, ವೆಟ್ ಗ್ರೈಂಡರ್ ಎಷ್ಟೇ ಮಿತವಾಗಿ ಕರೆಂಟ್ ತಿಂದರೂ ಈ ಲೆಕ್ಕದ ಹೊರಗೇ.

ಇನ್ನು ಲಾಭ ಯಾರಿಗೆ? ಖಾಸಗಿ ಕಟ್ಟಡದಲ್ಲಿ ದುಡ್ಡು ಹಾಕಿ ಆ ವ್ಯವಸ್ಥೆಯನ್ನು ತನ್ನ ಲೆಕ್ಕದಲ್ಲಿ ಇಟ್ಟುಕೊಂಡವರಿಗೆ. ಬಾಡಿಗೆದಾರರೇ ಎಸಿ ಹಾಕಿಸಿದ್ದರೆ ಬಾಡಿಗೆದಾರರಿಗೆ. ಸರ್ಕಾರಿ ಕಟ್ಟಡದಲ್ಲಿ ಮಾಲೀಕರಿಗೆ ತೆರಿಗೆ ಇಲ್ಲ, ಆದ್ದರಿಂದ ಅವರು ಅದನ್ನು ಡಿಸೈನರ್‌ಗೆ ಬರೆದುಕೊಡಬಹುದು. 2023ರಿಂದ ತೆರಿಗೆ ವಿನಾಯಿತಿ ಇರುವ ಸಂಸ್ಥೆಗಳಿಗೂ ಈ ಅವಕಾಶ ಬಂತು. ಚರ್ಚು, ದೇವಸ್ಥಾನ, ಸ್ವಂತ ಕಟ್ಟಡ ಇರುವ ಕನ್ನಡ ಸಂಘ, ಖಾಸಗಿ ಯೂನಿವರ್ಸಿಟಿ ಎಲ್ಲಾ ಈ ಪಟ್ಟಿಗೆ ಬಂದವು.

ಲೆಕ್ಕ ಹಾಕುವುದು ಹೇಗೆ

ಇದು ಡಿಡಕ್ಷನ್, ಕ್ರೆಡಿಟ್ ಅಲ್ಲ. ಅಂದರೆ ತೆರಿಗೆಯಿಂದ ನೇರ ಕಳೆಯುವುದಲ್ಲ, ಆದಾಯದಿಂದ ಕಳೆಯುವುದು. ಸೇಲ್ಸ್‌ನವರು ಈ ವ್ಯತ್ಯಾಸವನ್ನು ಮೆಲ್ಲಗೆ ನುಂಗಿಬಿಡುತ್ತಾರೆ.

ಆಶ್ರೇಯ ಕನಿಷ್ಠ ಮಟ್ಟದಲ್ಲಿ ಕಟ್ಟಿದ ಹೋಲಿಕೆ ಕಟ್ಟಡಕ್ಕಿಂತ ಕನಿಷ್ಠ ಶೇ. 25 ಉಳಿತಾಯ ಇರಬೇಕು. 2025ರಲ್ಲಿ ಬಳಕೆಗೆ ಬಂದ ಕಟ್ಟಡಕ್ಕೆ ಚದರ ಅಡಿಗೆ 0.58 ಡಾಲರ್‌ನಿಂದ ಶುರು. ಶೇ. 25ರ ಮೇಲಿನ ಪ್ರತಿ ಶೇಕಡಾಕ್ಕೆ 0.02 ಸೇರುತ್ತದೆ, 1.16 ದಾಟುವಂತಿಲ್ಲ. ಕೂಲಿ ಮತ್ತು ಅಪ್ರೆಂಟಿಸ್ (ಕೆಲಸ ಕಲಿಯುತ್ತಿರುವವರ) ನಿಯಮ ಪಾಲಿಸಿದ್ದರೆ 2.90ರಿಂದ ಶುರು, ಪ್ರತಿ ಶೇಕಡಾಕ್ಕೆ 0.12, ಮಿತಿ 5.81. ಬೆಲೆಯೇರಿಕೆಗೆ ತಕ್ಕಂತೆ ದರ ವರ್ಷವರ್ಷ ಬದಲಾಗುತ್ತದೆ. ಕಟ್ಟಡ ಬಳಕೆಗೆ ಬಂದ ವರ್ಷದ ದರ ಹಿಡಿಯಬೇಕು.

ಒಂದು ಉದಾಹರಣೆ. ನಾಲ್ಕು ಅಂತಸ್ತಿನ ಹೋಟೆಲ್, 50,000 ಚದರ ಅಡಿ, 2025ರಲ್ಲಿ ಬಳಕೆಗೆ ಬಂತು, ಉಳಿತಾಯ ಶೇ. 40. ಅಂದರೆ ಶೇ. 25ರ ಮೇಲೆ 15.

ನಿಯಮ ಪಾಲಿಸದಿದ್ದರೆ: 0.58 + (15 × 0.02) = 0.88. ಒಟ್ಟು 44,000 ಡಾಲರ್.
ಪಾಲಿಸಿದ್ದರೆ: 2.90 + (15 × 0.12) = 4.70. ಒಟ್ಟು 2,35,000 ಡಾಲರ್.

ಅದೇ ಕಟ್ಟಡ, ಅದೇ ಎಸಿ, ಅದೇ ದೀಪ. ಶೇ. 21 ತೆರಿಗೆ ಕಟ್ಟುವ ಕಾರ್ಪೊರೇಶನ್‌ಗೆ ಮೊದಲನೆಯದು 9,240 ಡಾಲರ್ ತೆರಿಗೆ ಉಳಿಸುತ್ತದೆ, ಎರಡನೆಯದು 49,350. ಎಂಜಿನಿಯರ್ ತಲೆ ಕೆಡಿಸಿಕೊಂಡು ಶೇ. 40ರಿಂದ 45ಕ್ಕೆ ತಂದರೂ ಇಷ್ಟು ವ್ಯತ್ಯಾಸ ಆಗುವುದಿಲ್ಲ. ಇಲ್ಲಿ ದುಡ್ಡು ಇರುವುದು ಸಂಬಳದ ರಿಜಿಸ್ಟರ್‌ನಲ್ಲಿ!

ಕಡಿತ ಆ ವ್ಯವಸ್ಥೆಗೆ ಆದ ಖರ್ಚನ್ನು ಮೀರುವಂತಿಲ್ಲ. ಹಿಂದಿನ 3 ವರ್ಷಗಳಲ್ಲಿ ಅದೇ ಕಟ್ಟಡಕ್ಕೆ ತೆಗೆದುಕೊಂಡದ್ದನ್ನೂ ಮಿತಿಯಿಂದ ಕಳೆಯಬೇಕು. ಹಂಚಿಕೆಯ ಮೂಲಕ ಪಡೆದಿದ್ದರೆ 4 ವರ್ಷ.

ಮಾಲೀಕರಿಗೆ ನಿಜಕ್ಕೂ ಎಷ್ಟು ಲಾಭ?

ಮೇಲಿನ ಲೆಕ್ಕ ನೋಡಿ ಕುಣಿಯುವ ಮುಂಚೆ ಒಂದು ಮಾತು. ಮಾಲೀಕರು ತೆಗೆದುಕೊಂಡ ಕಡಿತ ಆಸ್ತಿಯ ಮೂಲ ಮೌಲ್ಯದಿಂದ ಕಳೆಯುತ್ತದೆ. 2,35,000 ಡಾಲರ್ ಇವತ್ತು ತೆಗೆದುಕೊಂಡರೆ ಮುಂದೆ ಅಷ್ಟು ಸವಕಳಿ ಸಿಗುವುದಿಲ್ಲ. ಹೋಟೆಲ್, ಆಫೀಸ್‌ಗೆ ಸವಕಳಿ ಅವಧಿ 39 ವರ್ಷ, ಅಂದರೆ ವರ್ಷಕ್ಕೆ ಸುಮಾರು 6,000 ಡಾಲರ್ ಬರಬೇಕಾದದ್ದು ಒಟ್ಟಿಗೇ ಬಂತು ಅಷ್ಟೇ. ಇವತ್ತಿನ ದುಡ್ಡಿಗೆ ಬೆಲೆ ಜಾಸ್ತಿ, ಅದು ನಿಜ. ಆದರೆ ಇದು ಮುಂಚಿತವಾಗಿ ಬಂದ ದುಡ್ಡು, ಹೊಸದಾಗಿ ಹುಟ್ಟಿದ್ದಲ್ಲ.

ಹಳೆ ಕಟ್ಟಡದ ಒಳಗಿನ ಕೆಲಸಕ್ಕೆ ಇನ್ನೂ ಕಡಿಮೆ. 2025ರ ಜನವರಿ 19ರ ನಂತರ ಪಡೆದ ಒಳಾಂಗಣ ಸುಧಾರಣೆಗಳಿಗೆ ಬೋನಸ್ ಸವಕಳಿ ಮತ್ತೆ ಶೇ. 100 ಆಗಿದೆ. ಇಡೀ ಖರ್ಚನ್ನು ಮೊದಲ ವರ್ಷವೇ ಕಳೆಯುವ ದಾರಿ ಇದ್ದಾಗ, 179ಡಿಗಾಗಿ ಮಾಡೆಲ್ ಮಾಡಿಸಿ ಫೀಸು ಕೊಡುವುದು ಯಾಕೆ? ನನ್ನ ಹೊಟ್ಟೆಪಾಡೇ ಇದಾದರೂ ಹೇಳುತ್ತೇನೆ: ಹೊಸ ಕಟ್ಟಡ ಕಟ್ಟುವ ಮಾಲೀಕರಿಗೆ ಇದು ಚೆನ್ನ, ಹಳೆಯದರ ಒಳಗೆ ದೀಪ ಬದಲಿಸುವವರು ಮೊದಲು ಸಿಪಿಎ ಹತ್ತಿರ ಬೋನಸ್ ಲೆಕ್ಕ ಹಾಕಿಸಲಿ.

ಡಿಸೈನರ್‌ಗೆ ಈ ತೊಂದರೆ ಇಲ್ಲ. ಕಟ್ಟಡ ಅವರದ್ದಲ್ಲ, ಮೌಲ್ಯ ಕಡಿಮೆ ಮಾಡಿಕೊಳ್ಳಲು ಏನೂ ಇಲ್ಲ. ಬಂದದ್ದು ಪೂರ್ತಿ ಲಾಭ. ಆರ್ಕಿಟೆಕ್ಟ್‌ಗಳು ಪತ್ರ ಹಿಡಿದುಕೊಂಡು ದೇವಸ್ಥಾನದ ಬಾಗಿಲಿಗೆ ಬರುವುದು ಇದಕ್ಕೇ.

ಕೂಲಿ ಮತ್ತು ಅಪ್ರೆಂಟಿಸ್: ಐದು ಪಟ್ಟು ಬರುವುದು ಇಲ್ಲಿ

2023ರ ಜನವರಿ 29ಕ್ಕೆ ಮೊದಲು ಶುರುವಾದ ಕೆಲಸಕ್ಕೆ ಈ ನಿಯಮ ಪಾಲಿಸದೆಯೇ ದೊಡ್ಡ ದರ ಸಿಗುತ್ತದೆ. ಆಮೇಲಿನದಕ್ಕೆ ಎರಡೂ ಪಾಲಿಸಬೇಕು.

ಕೂಲಿ: ಆ ಕೌಂಟಿಯಲ್ಲಿ ಆ ಕೆಲಸಕ್ಕೆ ಕೇಂದ್ರ ಕಾರ್ಮಿಕ ಇಲಾಖೆ ನಿಗದಿ ಮಾಡಿದ ದರಕ್ಕಿಂತ ಕಡಿಮೆ ಕೊಡುವಂತಿಲ್ಲ. ದರಪಟ್ಟಿ ಸರ್ಕಾರದ 'ಸ್ಯಾಮ್' ವೆಬ್‌ಸೈಟಿನಲ್ಲಿದೆ. ಎಲೆಕ್ಟ್ರಿಷಿಯನ್‌ಗೆ ಒಂದು ದರ, ಡಕ್ಟ್ ಕೂರಿಸುವವರಿಗೆ ಇನ್ನೊಂದು. ನಿಮ್ಮ ಕಂಟ್ರಾಕ್ಟರ್ ಮಾತ್ರವಲ್ಲ, ಅವರ ಕೈಕೆಳಗಿನ ಸಬ್ ಕಂಟ್ರಾಕ್ಟರ್ ಕೂಡ ಇದನ್ನೇ ಕೊಡಬೇಕು.

ಅಪ್ರೆಂಟಿಸ್: 2023ರ ನಂತರ ಶುರುವಾದ ಕೆಲಸದಲ್ಲಿ ಒಟ್ಟು ದುಡಿಮೆಯ ಗಂಟೆಗಳಲ್ಲಿ ಶೇ. 15 ನೋಂದಾಯಿತ ಅಪ್ರೆಂಟಿಸ್‌ಗಳದ್ದಾಗಿರಬೇಕು. ನಾಲ್ಕು ಅಥವಾ ಹೆಚ್ಚು ಜನರನ್ನು ಇಟ್ಟುಕೊಂಡ ಪ್ರತಿ ಕಂಟ್ರಾಕ್ಟರ್ ಕನಿಷ್ಠ ಒಬ್ಬ ಅಪ್ರೆಂಟಿಸ್ ಇಟ್ಟುಕೊಳ್ಳಬೇಕು. ಜನ ಸಿಗದಿದ್ದರೆ? ನೋಂದಾಯಿತ ತರಬೇತಿ ಕಾರ್ಯಕ್ರಮಕ್ಕೆ ಬರವಣಿಗೆಯಲ್ಲಿ ಕೇಳಬೇಕು. ಅವರು ಇಲ್ಲ ಅಂದರೆ, ಅಥವಾ 5 ಕೆಲಸದ ದಿನಗಳಲ್ಲಿ ಉತ್ತರವೇ ಕೊಡದಿದ್ದರೆ, ಪ್ರಾಮಾಣಿಕ ಪ್ರಯತ್ನ ಮಾಡಿದಂತೆ ಲೆಕ್ಕ. ಆ ಇಮೇಲ್ ಬಂಗಾರ. ಫೋನಿನಲ್ಲಿ ಕೇಳಿ ಸುಮ್ನೆ ಬಿಟ್ಟರೆ ಏನೂ ಕೇಳಿದಂತೆ ಅಲ್ಲ.

ನಾನು ನೋಡಿದ ಒಂದು ಕೆಲಸದಲ್ಲಿ ಎಲ್ಲವೂ ಸರಿಯಾಗಿತ್ತು, ಡ್ರೈವಾಲ್ ಹಾಕಿದ ಸಬ್ ಕಂಟ್ರಾಕ್ಟರ್ ಮಾತ್ರ ಜನರಿಗೆ ದಿನಗೂಲಿ ಕೊಟ್ಟು ಗಂಟೆ ಬರೆದಿಟ್ಟಿರಲಿಲ್ಲ. ಕಟ್ಟಡ ಮುಗಿದು ಎಂಟು ತಿಂಗಳಾಗಿತ್ತು, ಆ ಕೆಲಸಗಾರರು ಎಲ್ಲೆಲ್ಲಿಗೋ ಹೋಗಿದ್ದರು. ಕಡಿಮೆ ಕೊಟ್ಟಿದ್ದರೆ ಬಾಕಿಯನ್ನು ಬಡ್ಡಿ ಸಮೇತ ತೀರಿಸಿ, ಪ್ರತಿ ಕೆಲಸಗಾರನ ಲೆಕ್ಕದಲ್ಲಿ 5,000 ಡಾಲರ್ ದಂಡ ಕಟ್ಟಿ ಸರಿಪಡಿಸಿಕೊಳ್ಳುವ ದಾರಿ ಕಾನೂನಿನಲ್ಲಿದೆ. ಆದರೆ ಯಾರಿಗೆ ಎಷ್ಟು ಬಾಕಿ ಅಂತ ಗೊತ್ತಾಗಬೇಕಲ್ವಾ? ಆ ಮಾಲೀಕರು ಕೊನೆಗೆ ಸಣ್ಣ ದರಕ್ಕೇ ತೃಪ್ತಿಪಟ್ಟರು. ಆದ್ದರಿಂದ ಈ ಷರತ್ತನ್ನು ಮೊದಲ ದಿನವೇ ಕಾಂಟ್ರಾಕ್ಟಿನಲ್ಲಿ ಬರೆಸಿ. ಪ್ರತಿ ವಾರದ ಸಂಬಳದ ಪಟ್ಟಿ ಕೈಗೆ ಬಂದರೆ ಮಾತ್ರ ಆ ತಿಂಗಳ ಬಿಲ್ ಪಾಸು ಮಾಡಿ.

ಸರ್ಕಾರಿ ಶಾಲೆ ಕಟ್ಟುವವರು "ನಾವು ರಾಜ್ಯದ ಕೂಲಿ ದರ ಕೊಡ್ತೀವಿ, ಸಾಕು" ಅನ್ನುತ್ತಾರೆ. ಅದು ತಾನಾಗಿ ಸಾಲುವುದಿಲ್ಲ. ಕೇಂದ್ರದ ದರಕ್ಕೆ ಹೋಲಿಸಿ ನೋಡಬೇಕು, ಅಪ್ರೆಂಟಿಸ್ ಲೆಕ್ಕವೂ ಬೇರೆ ಬೇಕು.

ಮಾಡೆಲ್ ಮಾಡಿಸುವುದು

ಕೇಂದ್ರ ಇಂಧನ ಇಲಾಖೆ ಒಪ್ಪಿದ ಸಾಫ್ಟ್‌ವೇರ್‌ನಲ್ಲಿ ಮಾತ್ರ. ಎನರ್ಜಿಪ್ಲಸ್, ಕ್ಯಾರಿಯರ್‌ನ ಹ್ಯಾಪ್, ಐಇಎಸ್ ಇವೆಲ್ಲ ಆ ಪಟ್ಟಿಯಲ್ಲಿವೆ, ಆದರೆ ಯಾವ ಆವೃತ್ತಿ ಅನ್ನುವುದನ್ನೂ ನೋಡಿ. ಮಾಡೆಲ್‌ನಲ್ಲಿ ನಿಮ್ಮ ಕಟ್ಟಡವನ್ನು ಎರಡು ಸಲ ಕಟ್ಟುತ್ತೇವೆ: ಒಂದು ನೀವು ಕಟ್ಟಿಸಿದಂತೆ, ಇನ್ನೊಂದು ಆಶ್ರೇ ಹೇಳಿದ ಕನಿಷ್ಠ ಮಟ್ಟದಲ್ಲಿ. ಎರಡರ ವಾರ್ಷಿಕ ಇಂಧನ ಖರ್ಚಿನ ವ್ಯತ್ಯಾಸವೇ ಉಳಿತಾಯ. "ನಮ್ಮ ಹಳೇ ಕಟ್ಟಡದ ಬಿಲ್‌ಗಿಂತ ಅರ್ಧ ಬರ್ತಿದೆ" ಅನ್ನುವ ಮಾತಿಗೆ ಇಲ್ಲಿ ಜಾಗ ಇಲ್ಲ.

ಎಂಜಿನಿಯರ್‌ಗೆ ಕೊಡಬೇಕಾದದ್ದು: ಕಟ್ಟಿದ ಮೇಲಿನ ಅಂತಿಮ ನಕ್ಷೆಗಳು, ಎಸಿ ಯಂತ್ರಗಳ ಪಟ್ಟಿ, ದೀಪಗಳ ಪಟ್ಟಿ, ಗೋಡೆ ಛಾವಣಿಯ ವಿವರ, ಕಿಟಕಿ ಗಾಜಿನ ಮಾಹಿತಿ, ಖರ್ಚಿನ ಲೆಕ್ಕ. ಟೆಂಡರ್ ಸಮಯದ ನಕ್ಷೆ ಕೊಟ್ಟರೆ ಎರಡು ಸಲ ದುಡ್ಡು ಕೊಡುತ್ತೀರಿ.

ಸೈಟಿಗೆ ಬಂದು ನೋಡುವುದು

ಕಟ್ಟಡ ಬಳಕೆಗೆ ಬಂದ ಮೇಲೆ ಒಬ್ಬ ಲೈಸೆನ್ಸ್ ಇರುವ ಎಂಜಿನಿಯರ್ ಅಥವಾ ಕಂಟ್ರಾಕ್ಟರ್ ಬಂದು ಕಣ್ಣಾರೆ ನೋಡಿ ಸರ್ಟಿಫಿಕೇಟ್ ಕೊಡಬೇಕು. ಅವರು ನಿಮ್ಮ ನೌಕರರಾಗಿರಬಾರದು, ಸಂಬಂಧಪಟ್ಟವರಾಗಿರಬಾರದು. ಲೈಸೆನ್ಸ್ ಆ ಕಟ್ಟಡ ಇರುವ ರಾಜ್ಯದ್ದೇ ಆಗಿರಬೇಕು. ಟೆಕ್ಸಸ್ ಲೈಸೆನ್ಸ್ ಇಟ್ಟುಕೊಂಡು ಓಕ್ಲಹೋಮದ ಕಟ್ಟಡಕ್ಕೆ ಸಹಿ ಹಾಕುವಂತಿಲ್ಲ.

ನನಗೆ ಇಷ್ಟವಾದ ಭಾಗ ಇದು. ಏಣಿ ಹತ್ತಿ ಛಾವಣಿಗೆ ಹೋಗಿ ಒಂದೊಂದು ಎಸಿ ಯೂನಿಟ್ಟಿನ ನೇಮ್‌ಪ್ಲೇಟ್ ಫೋಟೋ ತೆಗೆಯುತ್ತೇನೆ. ಬಿಸಿಲಿಗೆ ಬಣ್ಣ ಹೋಗಿ ಮಾಡೆಲ್ ನಂಬರ್ ಓದಲಾಗದಿದ್ದರೆ ಅಂಗೈ ಅಡ್ಡ ಹಿಡಿದು ನೆರಳು ಮಾಡಿ ತೆಗೆಯಬೇಕು. ಒಳಗೆ ಸೀಲಿಂಗ್ ಟೈಲ್ ಒಂದನ್ನು ಮೇಲೆತ್ತಿ, ಟಾರ್ಚ್ ಬಿಟ್ಟು, ಡಕ್ಟಿಗೆ ಇನ್ಸುಲೇಶನ್ ಸುತ್ತಿದ್ದಾರಾ ಅಂತ ನೋಡುತ್ತೇನೆ. ಖಾಲಿ ಮೀಟಿಂಗ್ ರೂಮಿನಲ್ಲಿ ಕೂತು ದೀಪ ತಾನಾಗಿ ಆರುತ್ತದಾ ಅಂತ ಕಾಯುತ್ತೇನೆ. ಒಮ್ಮೆ ಇಪ್ಪತ್ತು ನಿಮಿಷ ಕಾದರೂ ಆರಲಿಲ್ಲ. ಸೆನ್ಸರ್ ಗೋಡೆ ಮೇಲೇ ಇತ್ತು, ವೈರ್ ಮಾತ್ರ ಜೋಡಿಸಿರಲಿಲ್ಲ. ನಕ್ಷೆ ನಂಬಿ ಸಹಿ ಹಾಕಿದ್ದರೆ ಇಲ್ಲದ ಉಳಿತಾಯಕ್ಕೆ ಸಾಕ್ಷಿ ಹೇಳಿದಂತಾಗುತ್ತಿತ್ತು.

ಫೋಟೋ ನೋಡಿಯೇ ಸರ್ಟಿಫಿಕೇಟ್ ಕೊಡುತ್ತೇವೆ, ಸೈಟಿಗೆ ಬರುವುದೇ ಬೇಡ ಅನ್ನುವವರ ಹತ್ತಿರ ಹೋಗಬೇಡಿ.

ಹಂಚಿಕೆ ಪತ್ರ

ಕಮಿಟಿಯ ಅಂಕಲ್ ಕೇಳಿದ್ದಕ್ಕೆ ಈಗ ಬರುತ್ತೇನೆ. ಪತ್ರದಲ್ಲಿ ಇಷ್ಟು ಇರಬೇಕು: ಮಾಲೀಕರ ಪರವಾಗಿ ಸಹಿ ಹಾಕುವವರ ಹೆಸರು, ವಿಳಾಸ, ಫೋನ್, ಡಿಸೈನರ್ ಕಡೆಯವರದ್ದೂ ಹಾಗೇ, ಕಟ್ಟಡದ ವಿಳಾಸ, ಆ ವ್ಯವಸ್ಥೆಗೆ ಆದ ಖರ್ಚು, ಬಳಕೆಗೆ ಬಂದ ದಿನ, ಹಂಚಿಕೊಟ್ಟ ಮೊತ್ತ, ಇಬ್ಬರ ಸಹಿ. ಮಾಲೀಕರು ಸುಳ್ಳು ಹೇಳಿಲ್ಲ ಅಂತ ಪ್ರಮಾಣ ಮಾಡುತ್ತಾರೆ, ಆ ಭಯಂಕರ ಪದಗಳು ಬರುವುದು ಅಲ್ಲಿ. ಕಾಗದದಲ್ಲಿರುವುದು ನಿಜವಾಗಿದ್ದರೆ ಹೆದರುವ ಕೆಲಸ ಇಲ್ಲ. ಖರ್ಚು ಮತ್ತು ದಿನಾಂಕವನ್ನು ನಿಮ್ಮ ಕಡತದ ಜೊತೆ ತಾಳೆ ನೋಡಿ ಸಹಿ ಹಾಕಿ.

ಡಿಸೈನರ್ ಅಂದರೆ ಆ ವ್ಯವಸ್ಥೆಯ ತಾಂತ್ರಿಕ ವಿವರಗಳನ್ನು ರೂಪಿಸಿದವರು. ಆರ್ಕಿಟೆಕ್ಟ್, ಎಂಜಿನಿಯರ್, ಕಂಟ್ರಾಕ್ಟರ್, ಎನರ್ಜಿ ಸಲಹೆಗಾರ ಯಾರೂ ಆಗಬಹುದು. ಬರೇ ಕೂರಿಸಿದವರು, ರಿಪೇರಿ ಮಾಡಿದವರು ಆಗುವುದಿಲ್ಲ. ಒಬ್ಬರಿಗಿಂತ ಹೆಚ್ಚು ಇದ್ದರೆ ಮುಖ್ಯ ಡಿಸೈನರ್‌ಗೆ ಪೂರ್ತಿ ಕೊಡಬಹುದು, ಹಂಚಲೂಬಹುದು. ಒಂದೇ ಕಟ್ಟಡಕ್ಕೆ ಇಬ್ಬರಿಗೂ ಪೂರ್ತಿ ಮೊತ್ತದ ಪತ್ರ ಕೊಟ್ಟರೆ ಮಾತ್ರ ತಲೆನೋವು. ಆರ್ಕಿಟೆಕ್ಟ್ ಬಂದು ಹೋದ ತಿಂಗಳಿಗೆ ಎಸಿ ಎಂಜಿನಿಯರ್ ಬರುತ್ತಾರೆ, ಕಮಿಟಿಯ ಬೇರೆ ಸದಸ್ಯರು ಸಹಿ ಹಾಕುತ್ತಾರೆ. ಯಾರು ಸಹಿ ಹಾಕಬೇಕು ಅಂತ ಕಮಿಟಿಯಲ್ಲಿ ಒಂದು ಠರಾವು ಮಾಡಿಡಿ.

"ಅವರಿಗೆ ಇಷ್ಟು ಲಾಭ ಆದ್ರೆ ನಮಗೇನು?" ಅಂಕಲ್ ಮುಂದಿನ ಪ್ರಶ್ನೆ ಅದೇ ಆಗಿತ್ತು. ನ್ಯಾಯವಾದ ಪ್ರಶ್ನೆ. ಎಷ್ಟೋ ಶಾಲಾ ಮಂಡಳಿಗಳು ಡಿಸೈನ್ ಫೀಸು ಮಾತಾಡುವಾಗಲೇ ಇದನ್ನೂ ಮೇಜಿನ ಮೇಲೆ ಇಡುತ್ತವೆ. ಕಟ್ಟಡ ಮುಗಿದು ಫೀಸು ಕೊಟ್ಟಾದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಪೆನ್ನು ಮಾತ್ರ. ಒಪ್ಪಂದವನ್ನು ವಕೀಲರಿಗೆ ತೋರಿಸಿಯೇ ಮಾಡಿ.

ಹಳೆ ಕಟ್ಟಡಕ್ಕೆ ಬೇರೆ ದಾರಿ

ಕನಿಷ್ಠ 5 ವರ್ಷ ಹಳೆಯ ಕಟ್ಟಡವಾದರೆ ಮಾಡೆಲ್ ಬದಲು ನಿಜವಾದ ಬಿಲ್ ಲೆಕ್ಕದಲ್ಲೂ ಹೋಗಬಹುದು. ಮೊದಲು ಒಂದು ಲಿಖಿತ ರೆಟ್ರೋಫಿಟ್ ಪ್ಲಾನ್, ಅಂದರೆ ಹಳೆ ಕಟ್ಟಡದಲ್ಲಿ ಏನೇನು ಸುಧಾರಿಸುತ್ತೀರಿ ಅನ್ನುವ ಯೋಜನೆ, ಬೇಕು. ಚದರ ಅಡಿಗೆ ಎಷ್ಟು ಇಂಧನ ಖರ್ಚಾಗುತ್ತದೆ ಅನ್ನುವುದನ್ನು ಕೆಲಸಕ್ಕೆ ಮುಂಚೆ ಅಳೆಯಬೇಕು, ಮುಗಿದು ಒಂದು ವರ್ಷ ದಾಟಿದ ಮೇಲೆ ಮತ್ತೆ ಅಳೆಯಬೇಕು. ಶೇ. 25 ಇಳಿದಿದ್ದರೆ ಆ ಅಂತಿಮ ಸರ್ಟಿಫಿಕೇಟ್ ಸಿಕ್ಕ ವರ್ಷದಲ್ಲಿ ಕಡಿತ. ಇಲ್ಲಿ ಅಡುಗೆಮನೆ, ಕಂಪ್ಯೂಟರ್ ಎಲ್ಲದರ ಬಳಕೆಯೂ ಮೀಟರಿನಲ್ಲಿ ಓಡುತ್ತದೆ. ಮಧ್ಯೆ ಹೊಸ ಬಾಡಿಗೆದಾರರು ಬಂದು ಸರ್ವರ್ ರೂಮ್ ಮಾಡಿದರೆ ಉಳಿತಾಯವೆಲ್ಲ ನೀರಲ್ಲಿ ಹೋಮ.

ರಿಟರ್ನ್ ತುಂಬುವಾಗ

ಫಾರ್ಮ್ 7205 ತುಂಬಿ ಆದಾಯ ತೆರಿಗೆ ರಿಟರ್ನ್ ಜೊತೆ ಲಗತ್ತಿಸಬೇಕು. ಪ್ರತಿ ಕಟ್ಟಡದ ವಿಳಾಸ, ಬಳಕೆಗೆ ಬಂದ ದಿನ, ಉಳಿತಾಯದ ಶೇಕಡಾ ಅಲ್ಲಿ ಕೇಳುತ್ತಾರೆ. ಪಾರ್ಟ್‌ನರ್‌ಶಿಪ್ ಆದರೆ ಪಾಲುದಾರರಿಗೆ ಅವರವರ ಪಾಲು ತೋರಿಸುವ ಕೆ-1 ಫಾರ್ಮ್ ಮೂಲಕ ಹೋಗುತ್ತದೆ. ಸರ್ಟಿಫಿಕೇಟ್ ಕಳಿಸುವುದು ಬೇಡ, ನಿಮ್ಮ ಹತ್ತಿರ ಇರಬೇಕು.

ಹಿಂದಿನ ವರ್ಷಗಳಲ್ಲಿ ಮರೆತಿದ್ದರೆ ಕಟ್ಟಡದ ಮಾಲೀಕರಿಗೆ ಫಾರ್ಮ್ 3115, ಅಂದರೆ ಲೆಕ್ಕ ಇಡುವ ಪದ್ಧತಿ ಬದಲಿಸುವ ಅರ್ಜಿ, ಇದೆ. ಹಳೆಯ ರಿಟರ್ನ್ ತಿದ್ದದೆ ಈ ವರ್ಷವೇ ಹಿಡಿದುಕೊಳ್ಳಬಹುದು. ಡಿಸೈನರ್‌ಗಳಿಗೆ ಈ ದಾರಿ ಇಲ್ಲ. ಅವರು ಕಟ್ಟಡ ಬಳಕೆಗೆ ಬಂದ ವರ್ಷದ ರಿಟರ್ನನ್ನೇ ತಿದ್ದಬೇಕು, ಅದಕ್ಕೆ ಸಾಮಾನ್ಯವಾಗಿ 3 ವರ್ಷ ಗಡುವು. ಹಾಗಾಗಿ ಡಿಸೈನರ್‌ಗಳು ಪತ್ರಕ್ಕೆ ಅವಸರ ಮಾಡುತ್ತಾರೆ, ಮಾಲೀಕರು ಆರಾಮಾಗಿರುತ್ತಾರೆ.

ಆ ದೇವಸ್ಥಾನದ ಪತ್ರ ಏನಾಯಿತು ಅಂದರೆ, ನಾನು ಫೋಟೋ ನೋಡಿದಾಗ ಬಳಕೆಗೆ ಬಂದ ದಿನ ಅಂತ ಗೃಹಪ್ರವೇಶದ ತಾರೀಕು ಹಾಕಿದ್ದರು. ನಗರಸಭೆ ಒಳಹೋಗಲು ಅನುಮತಿ ಕೊಟ್ಟದ್ದು ಅದಾದ ಏಳು ವಾರಕ್ಕೆ, ಮುಂದಿನ ವರ್ಷದ ಜನವರಿಯಲ್ಲಿ. ಮುಹೂರ್ತ ಡಿಸೆಂಬರ್‌ನಲ್ಲೇ ಇತ್ತು, ಪೂಜೆ ಮಾಡಿ ಬೀಗ ಹಾಕಿದ್ದರಂತೆ. ತಾರೀಕು ಬದಲಿಸಿದರೆ ದರವೂ ಬದಲಾಗುತ್ತದೆ, ರಿಟರ್ನಿನ ವರ್ಷವೂ ಬದಲಾಗುತ್ತದೆ. ಆರ್ಕಿಟೆಕ್ಟ್ ಹೊಸ ಪತ್ರ ಕಳಿಸಿದರು, ಅಂಕಲ್ ಸಹಿ ಹಾಕಿದರು.